ಶನಿವಾರ ಹೊರಟು ಭಾನುವಾರ ಮರಳಲು: ಸ್ಕಾಟ್ಲೆಂಡಿನ ಯಾವ ಊರು, ಯಾವ ತಿಂಗಳು, ಎಷ್ಟು ಜನ

ಗ್ಲಾಸ್ಗೊದಲ್ಲೋ ಎಡಿನ್‌ಬರೋದಲ್ಲೋ ಓದುವ ನಾಲ್ಕೈದು ಜನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬುಧವಾರದ ಹೊತ್ತಿಗೆ "ಈ ವೀಕೆಂಡ್ ಎಲ್ಲಿಗೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಾರೋ ಒಬ್ಬರು ಇನ್ವರ್ನೆಸ್ ಅನ್ನುತ್ತಾರೆ, ಎಲ್ಲರೂ ಹೂಂ ಅನ್ನುತ್ತಾರೆ. ಶನಿವಾರ ಮಧ್ಯಾಹ್ನ ಅಲ್ಲಿ ಇಳಿದ ಮೇಲೆ ನೋಡಿದರೆ ಕತ್ತಲಾಗಲು ಎರಡೇ ಗಂಟೆ ಉಳಿದಿರುತ್ತದೆ, ಭಾನುವಾರ ವಾಪಸ್ ಬರುವ ರೈಲುಗಳು ಬೆರಳೆಣಿಕೆಯಷ್ಟು. ಊರಿನ ಹೆಸರಿಗೆ ಮುಂಚೆ ಎರಡು ವಿಷಯ ನೋಡಿಕೊಳ್ಳಿ: ಭಾನುವಾರ ಸಂಜೆ ಅಲ್ಲಿಂದ ಹೊರಡುವ ಕೊನೆಯ ಎರಡು ರೈಲುಗಳ ಸಮಯ, ಮತ್ತು ಆ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವ ಹೊತ್ತು. ಇವೆರಡು ಗೊತ್ತಾದರೆ ಊರು ಹೆಚ್ಚುಕಮ್ಮಿ ತಾನಾಗಿಯೇ ತೀರ್ಮಾನವಾಗುತ್ತದೆ.

ಕೊನೆಯ ರೈಲು ಒಂದನ್ನೇ ನೋಡಿದರೆ ಸಾಲದು, ಎರಡು ನೋಡಬೇಕು. ಕೊನೆಯದು ರದ್ದಾದರೆ ಎಂಬ ಭಯ ಒಂದು. ಭಾನುವಾರ ಹಳಿ ದುರಸ್ತಿ ಇದ್ದರೆ ರೈಲಿನ ಬದಲು ಬಸ್ಸು ಬಿಡುತ್ತಾರೆ ಎಂಬುದು ಇನ್ನೊಂದು. ಆ ಬಸ್ಸಿಗೆ ರೈಲಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತದೆ. ಹೊರಡುವ ವಾರವೇ ಆ್ಯಪ್‌ನಲ್ಲಿ ಆ ದಿನಾಂಕ ಹಾಕಿ ನೋಡಿ. ಹೋದ ತಿಂಗಳು ನೋಡಿದ ಸಮಯಪಟ್ಟಿಯನ್ನು ನೆಚ್ಚಬೇಡಿ.

| ಊರು | ಎಡಿನ್‌ಬರೋದಿಂದ ರೈಲಿನಲ್ಲಿ | ಗ್ಲಾಸ್ಗೊದಿಂದ ರೈಲಿನಲ್ಲಿ | ಎಷ್ಟು ಸಮಯ ಬೇಕು |
|---|---|---|---|
| ಸ್ಟರ್ಲಿಂಗ್ | ಸುಮಾರು 50 ನಿಮಿಷ | 30–40 ನಿಮಿಷ | ಒಂದು ಪೂರ್ತಿ ದಿನ |
| ಪರ್ತ್ | ಸುಮಾರು 1 ಗಂಟೆ 20 ನಿಮಿಷ | ಸುಮಾರು 1 ಗಂಟೆ | ಅರ್ಧ ದಿನ |
| ಡಂಡೀ | ಸುಮಾರು 1 ಗಂಟೆ 20 ನಿಮಿಷ | ಸುಮಾರು 1 ಗಂಟೆ 25 ನಿಮಿಷ | ಒಂದು ದಿನ |
| ಅಬರ್ಡೀನ್ | ಸುಮಾರು ಎರಡೂವರೆ ಗಂಟೆ | ಸುಮಾರು 2 ಗಂಟೆ 40 ನಿಮಿಷ | ಒಂದು ರಾತ್ರಿ ತಂಗಿ |
| ಇನ್ವರ್ನೆಸ್ | ಸುಮಾರು ಮೂರೂವರೆ ಗಂಟೆ | ಮೂರೂಕಾಲರಿಂದ ಮೂರೂವರೆ ಗಂಟೆ | ಎರಡು ರಾತ್ರಿ |

ಬೆಳಕು ಮತ್ತು ಮಳೆ

ಡಿಸೆಂಬರ್ ಕೊನೆಯಲ್ಲಿ ಎಡಿನ್‌ಬರೋದಲ್ಲಿ ಬೆಳಗಾಗುವುದು ಎಂಟೂಮುಕ್ಕಾಲರ ಹೊತ್ತಿಗೆ, ಸೂರ್ಯ ಮುಳುಗುವುದು ಮಧ್ಯಾಹ್ನ ಮೂರೂ ನಲವತ್ತಕ್ಕೆ. ಬೆಳಕು ಸಿಗುವುದು ಏಳು ಗಂಟೆ, ಇನ್ವರ್ನೆಸ್‌ನಲ್ಲಿ ಅದಕ್ಕೂ ಕಡಿಮೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗೆ ಮ್ಯೂಸಿಯಂ ಹೆಚ್ಚಿರುವ, ಒಂದೂವರೆ ಗಂಟೆಯೊಳಗೆ ತಲುಪುವ ಊರುಗಳು: ಗ್ಲಾಸ್ಗೊ, ಎಡಿನ್‌ಬರೋ, ಡಂಡೀ. ಏಪ್ರಿಲ್ ನಂತರ ಅಬರ್ಡೀನ್, ಇನ್ವರ್ನೆಸ್. ಸ್ಟರ್ಲಿಂಗ್ ಎರಡಕ್ಕೂ ಸೈ.

ಮಳೆಯ ಲೆಕ್ಕ ನಮ್ಮವರಿಗೆ ಬೇಗ ತಲೆಗೆ ಹೋಗುತ್ತದೆ. ಪಡುವಣ ಗಾಳಿ ಮೊದಲು ತಾಕುವ ಗ್ಲಾಸ್ಗೊ ಕಡೆ ಮಲೆನಾಡು ಇದ್ದಂತೆ, ಬೆಟ್ಟಗಳ ಆಚೆ ಮಳೆಯ ಮರೆಯಲ್ಲಿರುವ ಎಡಿನ್‌ಬರೋ, ಡಂಡೀ ಬಯಲುಸೀಮೆ ಇದ್ದಂತೆ. ಎಡಿನ್‌ಬರೋದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಗ್ಲಾಸ್ಗೊದಲ್ಲಿ 1,100ಕ್ಕೂ ಮೇಲೆ. ಆದರೆ ಆಗುಂಬೆಯ ಹಾಗೆ ಸುರಿದು ನಿಲ್ಲುವ ಮಳೆಯಲ್ಲ ಇದು, ದಿನವಿಡೀ ಜಿನುಗುವುದು. ಗಾಳಿ ಛತ್ರಿಯನ್ನು ಮಗುಚಿ ಹಾಕುತ್ತದೆ, ಟೊಪ್ಪಿ ಇರುವ ಮಳೆ ಜಾಕೆಟ್ಟೇ ಸರಿ. ಮೂಡಣ ಕರಾವಳಿಗೆ ಇನ್ನೊಂದು ಕಾಟವಿದೆ, ಹಾರ್ ಎಂಬ ಮಂಜು. ವಸಂತ ಮತ್ತು ಬೇಸಿಗೆಯಲ್ಲಿ ಬೆಚ್ಚಗಿನ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾಯ್ದಾಗ ಅದು ಎದ್ದು ದಡಕ್ಕೆ ನುಗ್ಗುತ್ತದೆ. ಗ್ಲಾಸ್ಗೊದಲ್ಲಿ ಬಿಸಿಲು ಚೆನ್ನಾಗಿ ಕಾಯುತ್ತಿರುವಾಗಲೇ ಅಬರ್ಡೀನ್‌ನ ಕಡಲದಂಡೆಯಲ್ಲಿ ಹತ್ತು ಮಾರು ಆಚೆ ಏನೂ ಕಾಣದಿರಬಹುದು. ಬೆಟ್ಟ, ಕಡಲು ನೋಡಲೆಂದೇ ಹೊರಟಿದ್ದರೆ ಹಿಂದಿನ ರಾತ್ರಿ ಆ ಊರಿನ ಮುನ್ಸೂಚನೆ ನೋಡಿ. ನಿಮ್ಮ ಕಿಟಕಿಯಾಚೆಯ ಆಕಾಶ ನೋಡಿ ಹೊರಡಬೇಡಿ.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 1ರಿಂದ ಸ್ಕಾಟ್‌ರೈಲ್‌ನಲ್ಲಿ ಪೀಕ್ ದರ, ಅಂದರೆ ಜನದಟ್ಟಣೆಯ ಹೊತ್ತಿನ ಹೆಚ್ಚಿನ ದರ, ಇಲ್ಲ. ಶುಕ್ರವಾರ ಸಂಜೆ ಐದಕ್ಕೆ ಹೊರಟರೂ ಅದೇ ದರ. ಎಡಿನ್‌ಬರೋ–ಗ್ಲಾಸ್ಗೊ ಹೋಗಿಬರುವ ಟಿಕೆಟ್ ಆಗ 16.80 ಪೌಂಡಿಗೆ ಇಳಿಯಿತು, ಮೊದಲು ಪೀಕ್ ಹೊತ್ತಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟಿತ್ತು. 16–25 ರೈಲ್‌ಕಾರ್ಡ್ ಇದ್ದರೆ ಇನ್ನೂ ಮೂರನೇ ಒಂದು ಭಾಗ ಕಡಿಮೆ, ಅಂದರೆ ಸುಮಾರು 11 ಪೌಂಡು. ಕಾರ್ಡಿನ ಬೆಲೆ ವರ್ಷಕ್ಕೆ 35 ಪೌಂಡು. ಒಂದು ಪ್ರಯಾಣಕ್ಕೆ ಐದೂವರೆ ಪೌಂಡು ಉಳಿದರೆ ಏಳನೇ ಪ್ರಯಾಣಕ್ಕೆ ಅಸಲು ಬರುತ್ತದೆ. ಇನ್ವರ್ನೆಸ್, ಅಬರ್ಡೀನ್‌ನಂಥ ದೂರದ ಊರಿಗಾದರೆ ಎರಡು ಮೂರು ಸುತ್ತಿನಲ್ಲೇ ಬಂದುಬಿಡುತ್ತದೆ. ವಯಸ್ಸು 26 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಇದೇ ಕಾರ್ಡು ಸಿಗುತ್ತದೆ. ಕೆಲಸ ಬಿಟ್ಟು ಎಂಎಸ್ಸಿಗೆ ಬಂದ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಅರ್ಜಿಗೆ ವಿಶ್ವವಿದ್ಯಾಲಯದಿಂದ ದೃಢೀಕರಣ ಬೇಕು. ಯಾವಾಗಲೂ ಇಬ್ಬರೇ ಜೊತೆಯಾಗಿ ಹೋಗುವವರಾದರೆ ಟೂ ಟುಗೆದರ್ ಕಾರ್ಡು ಅಗ್ಗ, ಒಂದೇ ಕಾರ್ಡಿನಲ್ಲಿ ಇಬ್ಬರ ಹೆಸರು. ಆದರೆ ಆ ಇಬ್ಬರೂ ಜೊತೆಗೇ ಪ್ರಯಾಣಿಸಬೇಕು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ರಿಯಾಯಿತಿಯೂ ಹೋಯಿತು.

ಗುಂಪಿನಲ್ಲಿ 22 ತುಂಬದವರಿದ್ದರೆ ಲೆಕ್ಕ ಪೂರ್ತಿ ಬೇರೆ. 2022ರ ಜನವರಿ 31ರಿಂದ ಸ್ಕಾಟ್ಲೆಂಡಿನಲ್ಲಿ ವಾಸಿಸುವ 5ರಿಂದ 21 ವರ್ಷದವರಿಗೆ ಬಸ್ ಪ್ರಯಾಣ ಉಚಿತ, ಊರಿಂದೂರಿಗೆ ಹೋಗುವ ಸಿಟಿಲಿಂಕ್, ಎಂಬರ್ ಬಸ್ಸುಗಳಲ್ಲಿ ಕೂಡ. ಯಂಗ್ ಸ್ಕಾಟ್ ಕಾರ್ಡು ಕೈಯಲ್ಲಿರಬೇಕು ಅಷ್ಟೇ. ಫೋಟೊ ತೆಗೆದ ಕಾರ್ಡು, ಫೋನಿನಲ್ಲಿರುವ ಚಿತ್ರ ಇವೆಲ್ಲ ನಡೆಯುವುದಿಲ್ಲ, ಚಾಲಕನ ಯಂತ್ರ ಕಾರ್ಡನ್ನೇ ಓದಬೇಕು. ಅಂಚೆಯಲ್ಲಿ ಬರಲು ವಾರಗಟ್ಟಲೆ ಆಗಬಹುದು, ಸೆಪ್ಟೆಂಬರಿನಲ್ಲಿ ಕಾಲೇಜು ಸೇರಿದ ಕೂಡಲೇ ಅರ್ಜಿ ಹಾಕಿ. ಪದವಿಗೆ ಬಂದ ಇಬ್ಬರು, ಸ್ನಾತಕೋತ್ತರಕ್ಕೆ ಬಂದ ಮೂವರು ಇರುವ ಗುಂಪಾದರೆ ಎಲ್ಲರೂ ಬಸ್ಸು ಹತ್ತುವುದೇ ಒಟ್ಟಾರೆ ಅಗ್ಗ. ಗ್ಲಾಸ್ಗೊ–ಎಡಿನ್‌ಬರೋ ನಡುವಿನ ಸಿಟಿಲಿಂಕ್ 900 ಬಸ್ಸು ಇಪ್ಪತ್ನಾಲ್ಕು ಗಂಟೆಯೂ ಓಡುತ್ತದೆ. ರಾತ್ರಿ ಕಾರ್ಯಕ್ರಮ ಮುಗಿಸಿ ಕೊನೆಯ ರೈಲು ತಪ್ಪಿದವರಿಗೆ ಅದೇ ಗತಿ.

ದೂರದ ಊರಿಗೆ ಅಡ್ವಾನ್ಸ್ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಆ ಒಂದು ರೈಲಿಗೆ ಮಾತ್ರ. ಎಡಿನ್‌ಬರೋದಿಂದ ಅಬರ್ಡೀನ್, ಇನ್ವರ್ನೆಸ್ ಕಡೆಗೆ ಎಲ್‌ಎನ್‌ಇಆರ್ ರೈಲುಗಳೂ ಹೋಗುತ್ತವೆ. ಆ ಕಂಪನಿಯ ಅಡ್ವಾನ್ಸ್ ಟಿಕೆಟ್ ಹಿಡಿದು ಹತ್ತು ನಿಮಿಷ ಮೊದಲು ಬಂದ ಸ್ಕಾಟ್‌ರೈಲ್ ಹತ್ತಿ ಕೂತರೆ ಹೊಸ ಟಿಕೆಟ್ ಕೊಳ್ಳಬೇಕಾಗುತ್ತದೆ. ಐದು ಜನರ ಗುಂಪಿನಲ್ಲಿ ಒಬ್ಬರಾದರೂ ತಡವಾಗಿ ಬರುವುದು ಗ್ಯಾರಂಟಿ, ಅದಕ್ಕೇ ಹೋಗುವಾಗ ಅಡ್ವಾನ್ಸ್ ತೆಗೆದುಕೊಂಡರೂ ಬರುವಾಗ ಯಾವ ರೈಲಿಗೂ ನಡೆಯುವ ಟಿಕೆಟ್ ಇಟ್ಟುಕೊಳ್ಳುವುದು ಜಾಣತನ. ಸ್ಕಾಟ್‌ರೈಲ್ 30 ನಿಮಿಷಕ್ಕಿಂತ ತಡವಾದರೆ ಆ ಪ್ರಯಾಣದ ಅರ್ಧ ದುಡ್ಡು, ಒಂದು ಗಂಟೆ ದಾಟಿದರೆ ಪೂರ್ತಿ ದುಡ್ಡು ವಾಪಸ್. ಅರ್ಜಿ ಹಾಕಲು ಟಿಕೆಟ್ಟಿನ ಫೋಟೊ ಬೇಕು, ಇಳಿದ ಮೇಲೆ ಎಸೆಯಬೇಡಿ.

ಎಡಿನ್‌ಬರೋ, ಗ್ಲಾಸ್ಗೊ: ಒಂದರಲ್ಲಿದ್ದವರಿಗೆ ಇನ್ನೊಂದು

ಇವೆರಡರ ನಡುವೆ ಮುಕ್ಕಾಲು ಗಂಟೆಯ ದಾರಿ, ಹಗಲಲ್ಲಿ ಹದಿನೈದು ನಿಮಿಷಕ್ಕೊಂದು ರೈಲು, ಭಾನುವಾರ ಅರ್ಧ ಗಂಟೆಗೊಂದು. ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಗ್ಲಾಸ್ಗೊದಲ್ಲಿ ದೊಡ್ಡ ನಿಲ್ದಾಣ ಎರಡಿವೆ. ಎಡಿನ್‌ಬರೋಕ್ಕೂ ಉತ್ತರದ ಊರುಗಳಿಗೂ ಕ್ವೀನ್ ಸ್ಟ್ರೀಟ್, ದಕ್ಷಿಣಕ್ಕೆ ಮತ್ತು ಲಂಡನ್ ಕಡೆಗೆ ಸೆಂಟ್ರಲ್. ಸೆಂಟ್ರಲ್‌ನಿಂದಲೂ ಎಡಿನ್‌ಬರೋಕ್ಕೆ ರೈಲಿದೆ, ಷಾಟ್ಸ್ ಮೇಲೆ ಹೋಗುವ ಅದು ಒಂದು ಗಂಟೆಗೂ ಮೇಲೆ ತೆಗೆದುಕೊಳ್ಳುತ್ತದೆ. ಎರಡು ನಿಲ್ದಾಣಗಳ ನಡುವೆ ಹತ್ತು ನಿಮಿಷದ ನಡಿಗೆ, ಕೊನೆಯ ರೈಲು ತಪ್ಪಿಸಲು ಅಷ್ಟು ಸಾಕು.

ಎಡಿನ್‌ಬರೋ ನೋಡಲು ಚಂದ, ಜೇಬಿಗೆ ಭಾರ. ಕೋಟೆಯ ಟಿಕೆಟ್ ಸುಮಾರು 20 ಪೌಂಡು, ಬೇಸಿಗೆಯಲ್ಲಿ ಮುಂಚೆ ಕಾಯ್ದಿರಿಸದೆ ಹೋದರೆ ಬಾಗಿಲಲ್ಲೇ ನಿಲ್ಲಬೇಕು. ಆ ದುಡ್ಡು ಉಳಿಸಿಕೊಂಡೂ ಒಂದು ದಿನ ಧಾರಾಳವಾಗಿ ತುಂಬುತ್ತದೆ: ಚೇಂಬರ್ಸ್ ಸ್ಟ್ರೀಟಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉಚಿತ, ಮೌಂಡ್ ಮೇಲಿನ ರಾಷ್ಟ್ರೀಯ ಗ್ಯಾಲರಿ ಉಚಿತ, ಕಾಲ್ಟನ್ ಹಿಲ್ ಉಚಿತ. 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡ ಹತ್ತಲು ಹೋಲಿರೂಡ್ ಕಡೆಯಿಂದ ಮುಕ್ಕಾಲು ಗಂಟೆ ಸಾಕು. ತುದಿಯ ಬಂಡೆ ಜನ ತುಳಿದು ತುಳಿದು ನುಣ್ಣಗಾಗಿದೆ, ಹನಿ ಬಿದ್ದರೆ ಸಾದಾ ಶೂ ಜಾರುತ್ತದೆ, ಹಿಡಿತವಿರುವ ಶೂ ಹಾಕಿಕೊಳ್ಳಿ. ಕೋಟೆಯಿಂದ ಮಧ್ಯಾಹ್ನ ಒಂದಕ್ಕೆ ಹಾರಿಸುವ ತೋಪು ಕೇಳಬೇಕೆಂದರೆ ಶನಿವಾರವೇ ಹೋಗಬೇಕು. ಭಾನುವಾರ ಅದು ಹಾರುವುದಿಲ್ಲ, ಕಿವಿ ಮುಚ್ಚಿಕೊಂಡು ಕಾದು ನಿಂತ ಗುಂಪುಗಳು ಭಾನುವಾರವೂ ಕಾಣಸಿಗುತ್ತವೆ. ಲೋದಿಯನ್ ಬಸ್ಸಿನಲ್ಲಿ ನಗದು ಕೊಟ್ಟರೆ ಚಿಲ್ಲರೆ ವಾಪಸ್ ಕೊಡುವುದಿಲ್ಲ, ಕಾರ್ಡೇ ತಾಗಿಸಿ.

ರಾತ್ರಿ ತಂಗುವುದಾದರೆ ಆಗಸ್ಟ್ ಬೇಡವೇ ಬೇಡ. ನಾಟಕ, ಕಲೆಗಳ ಹಬ್ಬಗಳ ತಿಂಗಳು ಅದು, ಡಾರ್ಮಿಟರಿಯ ಹಾಸಿಗೆಗೂ ಹೋಟೆಲ್ ಕೋಣೆಯ ಬೆಲೆ ಕೇಳುತ್ತಾರೆ. ಆಗಸ್ಟಿನಲ್ಲಿ ಹೋಗಲೇಬೇಕೆಂದರೆ ಗ್ಲಾಸ್ಗೊದಲ್ಲೋ ಸ್ಟರ್ಲಿಂಗ್‌ನಲ್ಲೋ ಮಲಗಿ ಬೆಳಗ್ಗೆ ರೈಲು ಹತ್ತಿ. ಫೆಬ್ರವರಿ–ಮಾರ್ಚಿನಲ್ಲಿ ಮರ್ರಿಫೀಲ್ಡ್‌ನಲ್ಲಿ ರಗ್ಬಿ ಪಂದ್ಯವಿರುವ ಶನಿವಾರವೂ ಹಾಗೆಯೇ, ಹೇಮಾರ್ಕೆಟ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2026ರ ಜುಲೈ 24ರಿಂದ ಈ ನಗರದಲ್ಲಿ ತಂಗುವ ಬಾಡಿಗೆಯ ಮೇಲೆ ಶೇ 5ರಷ್ಟು ಪ್ರವಾಸಿ ತೆರಿಗೆಯೂ ಸೇರುತ್ತದೆ.

ಗ್ಲಾಸ್ಗೊಗೆ ಮಳೆಯ ದಿನ ಹೋಗಿ. 1901ರ ಕೆಲ್ವಿನ್‌ಗ್ರೋವ್, ಹಳೆಯ ಟ್ರಾಮು–ರೈಲು ಎಂಜಿನ್‌ಗಳ ರಿವರ್‌ಸೈಡ್, ಪೊಲೋಕ್ ಉದ್ಯಾನದ ಬರೆಲ್ ಸಂಗ್ರಹ ಮೂರೂ ಉಚಿತ. ಕೆಲ್ವಿನ್‌ಗ್ರೋವ್ ಭಾನುವಾರ 11ಕ್ಕೆ ತೆರೆಯುತ್ತದೆ, ನಡುಮನೆಯ ದೊಡ್ಡ ಆರ್ಗನ್ ವಾದನ ಅವತ್ತು ಮಧ್ಯಾಹ್ನ ಮೂರಕ್ಕೆ, ಉಳಿದ ದಿನ ಒಂದಕ್ಕೆ. 1896ರ ಸಬ್‌ವೇ, ಅಂದರೆ ನೆಲದಡಿಯ ರೈಲು, ಒಂದೇ ಸುತ್ತು, 15 ನಿಲ್ದಾಣ, ಪೂರ್ತಿ ಸುತ್ತಿಗೆ 24 ನಿಮಿಷ. ತಪ್ಪು ದಿಕ್ಕಿಗೆ ಹತ್ತಿದರೂ ಕೊನೆಗೆ ನಿಮ್ಮ ನಿಲ್ದಾಣ ಬಂದೇ ಬರುತ್ತದೆ. ಭಾನುವಾರ ಮಾತ್ರ ಬೆಳಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಆರು ದಾಟುತ್ತಿದ್ದಂತೆ ಮುಚ್ಚಿಬಿಡುತ್ತದೆ, ವೆಸ್ಟ್ ಎಂಡ್‌ನಲ್ಲಿ ಊಟಕ್ಕೆ ಕೂತವರು ನಡೆದೇ ಬರಬೇಕು. ಗ್ಲಾಸ್ಗೊ ವಿಶ್ವವಿದ್ಯಾಲಯದ ಕಮಾನು ಪಡಸಾಲೆಯಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಮಂತ್ರಾಲಯದ ಕಥೆಯಲ್ಲಿ ಬರುವ, ಬಳ್ಳಾರಿ ಸೀಮೆಯಲ್ಲಿ ಕಲೆಕ್ಟರ್ ಆಗಿದ್ದ ಮನ್ರೋ ಸಾಹೇಬ 1761ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ, ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಅವನ ಕಾಲಕ್ಕೆ ಅದು ಹೈಸ್ಟ್ರೀಟಿನಲ್ಲಿತ್ತು, ಈ ಕಟ್ಟಡ ಆಮೇಲಿನದು.

ಎರಡರಲ್ಲಿ ಒಂದು ಎಂದರೆ: ಊರಿಂದ ಅಪ್ಪ ಅಮ್ಮ ಬಂದಾಗ ಎಡಿನ್‌ಬರೋ, ಗೆಳೆಯರ ಜೊತೆ ಖರ್ಚು ಹಿಡಿತದಲ್ಲಿಟ್ಟು ಓಡಾಡುವಾಗ ಗ್ಲಾಸ್ಗೊ.

ಮೊದಲ ಪ್ರಯಾಣಕ್ಕೆ ಸ್ಟರ್ಲಿಂಗ್

ಒಂದೇ ದಿನ, ಒಂದೇ ಕೋಟೆ ಎಂದರೆ ಎಡಿನ್‌ಬರೋ ಕೋಟೆಗಿಂತ ಸ್ಟರ್ಲಿಂಗ್ ಕೋಟೆಯೇ ಮೇಲು. ಟಿಕೆಟ್ ತುಸು ಕಡಿಮೆ, ಜನ ಎಷ್ಟೋ ಕಡಿಮೆ, 2011ರಲ್ಲಿ ಮತ್ತೆ ಸಿದ್ಧಪಡಿಸಿದ ಅರಮನೆಯ ಕೋಣೆಗಳಲ್ಲಿ ಬಣ್ಣದ ಛಾವಣಿ, ಪರದೆ, ಹಾಸಿಗೆ ಎಲ್ಲ ಇದ್ದ ಹಾಗೆ ಕಾಣುತ್ತವೆ. ನಿಲ್ದಾಣದಿಂದ ಕೋಟೆಗೆ ಇಪ್ಪತ್ತು ನಿಮಿಷ, ಪೂರ್ತಿ ಏರು. ಕೋಟೆಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಇನ್ನೊಂದು ತುದಿಯಲ್ಲಿ ವ್ಯಾಲೇಸ್ ಸ್ಮಾರಕ, 1869ರಲ್ಲಿ ಮುಗಿದ 67 ಮೀಟರ್ ಗೋಪುರ, 246 ಮೆಟ್ಟಿಲು. ಸುತ್ತು ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಇಳಿಯುವವರು ಎದುರಾದರೆ ಒಬ್ಬರು ಗೋಡೆಗೆ ಆತು ನಿಲ್ಲಬೇಕು. ಬೆನ್ನಿನ ಚೀಲ ದೊಡ್ಡದಿದ್ದರೆ ಮೇಲಿನವರು ಕೆಳಗಿನವರು ಎಲ್ಲರೂ ಗೊಣಗುತ್ತಾರೆ. ಮೇಲೆ ಹತ್ತಿ ನಿಂತರೆ 1297ರಲ್ಲಿ ವ್ಯಾಲೇಸ್ ಇಂಗ್ಲಿಷ್ ಸೈನ್ಯವನ್ನು ಸೋಲಿಸಿದ ಸೇತುವೆ ಕಾಳಗ ನಡೆದ ಜಾಗ, ಹಾವಿನಂತೆ ಹೊರಳುವ ಫೋರ್ತ್ ನದಿ, ಆಚೆ ಕೋಟೆ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಈ ಬಯಲನ್ನು ದಾಟಿ ಉತ್ತರಕ್ಕೆ ಹೋಗಲು ಇದೊಂದೇ ಸಂದಿ ಎಂಬುದು ಪುಸ್ತಕ ಓದದೆಯೂ ಅರ್ಥವಾಗುತ್ತದೆ.

ಎಡವುವುದು ಕ್ರಮದಲ್ಲಿ. ಎಲ್ಲರೂ ಮೊದಲು ಕೋಟೆಗೆ ಹೋಗಿ, ಮಧ್ಯಾಹ್ನದ ಮೇಲೆ ಸ್ಮಾರಕಕ್ಕೆ ನಡೆಯುತ್ತಾರೆ. ಚಳಿಗಾಲದಲ್ಲಿ ಸ್ಮಾರಕ ಕೋಟೆಗಿಂತ ಮೊದಲೇ ಮುಚ್ಚುತ್ತದೆ, ಕೊನೆಯ ಪ್ರವೇಶ ಅದಕ್ಕೂ ಮುಂಚೆ. ಆದ್ದರಿಂದ ಅಕ್ಟೋಬರಿನಿಂದ ಮಾರ್ಚಿವರೆಗೆ ಬೆಳಗ್ಗೆ ಬಸ್ಸಿನಲ್ಲಿ ಸ್ಮಾರಕ, ಆಮೇಲೆ ಕೋಟೆ. ಉಳಿದ ತಿಂಗಳು ಹೇಗಾದರೂ ಸರಿ. ಇಲ್ಲಿಂದ ವಾಯವ್ಯಕ್ಕಿರುವ ಕ್ಯಾಲಂಡರ್ ಎಂಬ ಊರಿನ ಕಡೆಯವನೇ 1800–01ರಲ್ಲಿ ಮೈಸೂರು ಸೀಮೆ ಸುತ್ತಿ ಕೆರೆ, ಬೆಳೆ, ಕೂಲಿ ಎಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಆ ಊರು ನೋಡಲು ಮಾತ್ರ ಇನ್ನೊಂದು ದಿನ ಬೇಕು, ಅಲ್ಲಿಗೆ ರೈಲಿಲ್ಲ.

ಡಂಡೀ, ಮತ್ತು ದಾರಿಯಲ್ಲಿ ಪರ್ತ್

ಡಂಡೀ ಯಾರ ಪಟ್ಟಿಯಲ್ಲೂ ಮೇಲಿರುವುದಿಲ್ಲ. ಹೋಗಿಬಂದವರು ಮತ್ತೊಬ್ಬರಿಗೆ ಹೇಳುವುದು ಅದನ್ನೇ. ಕಾರಣ ಸರಳ: ನಿಲ್ದಾಣದಿಂದ ಹೊರಬಿದ್ದರೆ ಎರಡು ನಿಮಿಷದಲ್ಲಿ ವಿ ಅಂಡ್ ಎ ಎಂಬ ವಿನ್ಯಾಸ ಮ್ಯೂಸಿಯಂ, ಅದರ ಪಕ್ಕದಲ್ಲೇ ಇದೇ ಊರಿನಲ್ಲಿ 1901ರಲ್ಲಿ ನೀರಿಗಿಳಿದ, ಅಂಟಾರ್ಕ್ಟಿಕಾ ಯಾತ್ರೆಯ ಡಿಸ್ಕವರಿ ಹಡಗು, ಹತ್ತು ನಿಮಿಷದಲ್ಲಿ ಮ್ಯಾಕ್‌ಮ್ಯಾನಸ್ ಗ್ಯಾಲರಿ. ಕೆಂಗೊ ಕುಮಾ ವಿನ್ಯಾಸ ಮಾಡಿದ, 2018ರಲ್ಲಿ ತೆರೆದ ವಿ ಅಂಡ್ ಎ ಒಳಗೆ ಹೋಗಲು ದುಡ್ಡಿಲ್ಲ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಮ್ಯಾಕ್‌ಮ್ಯಾನಸ್ ಕೂಡ ಉಚಿತ. ಟಿಕೆಟ್ ಕೊಂಡಾದರೂ ನೋಡಬೇಕಾದದ್ದು ವರ್ಡೆಂಟ್ ವರ್ಕ್ಸ್ ಎಂಬ ಸೆಣಬಿನ ಗಿರಣಿ. ನಮ್ಮ ಮಂಡಿಗಳ ಗೋಣಿಚೀಲದ ಕಥೆ ಇದು. ಬಂಗಾಳದ ಸೆಣಬು ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು. ಒರಟು ನಾರನ್ನು ಯಂತ್ರಕ್ಕೆ ಒಗ್ಗುವಂತೆ ಮೆದು ಮಾಡಲು ತಿಮಿಂಗಿಲದ ಎಣ್ಣೆ ಬೇಕಿತ್ತು, ತಿಮಿಂಗಿಲ ಬೇಟೆಯ ಹಡಗುಗಳು ಇದೇ ಬಂದರಿನಲ್ಲಿದ್ದವು. ಹೀಗೆ ಎರಡು ಕೂಡಿ ಈ ಊರು ಬೆಳೆಯಿತು.

ಎಡಿನ್‌ಬರೋದಿಂದ ಹೋಗುವವರು ರೈಲಿನಲ್ಲಿ ಬಲಗಡೆ ಕೂರಿ. ಮೊದಲು 1890ರ ಫೋರ್ತ್ ಸೇತುವೆ, ಆಮೇಲೆ ಕಡಲಂಚು, ಕೊನೆಗೆ ಟೇ ಸೇತುವೆ. ಟೇ ನದಿಯ ಮೇಲೆ ರೈಲು ನಿಧಾನವಾಗಿ ಹೋಗುವಾಗ ಬಲಕ್ಕೆ ನೀರಿನಿಂದ ಮೇಲೆದ್ದ ಮೋಟು ಕಲ್ಲುಕಂಬಗಳ ಸಾಲು ಕಾಣುತ್ತದೆ. ಅವು 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ರೈಲಿನ ಸಮೇತ ಕುಸಿದ ಹಳೆಯ ಸೇತುವೆಯ ಬುಡಗಳು. ಈಗಿನ ಸೇತುವೆ ಅದರ ಪಕ್ಕದಲ್ಲೇ 1887ರಲ್ಲಿ ತೆರೆದದ್ದು.

ಬಿಸಿಲಿದ್ದರೆ 174 ಮೀಟರ್‌ನ ಲಾ ಗುಡ್ಡ ಹತ್ತಿ ಬನ್ನಿ. ಇನ್ನೂ ಹೊತ್ತಿದ್ದರೆ 99ನೇ ನಂಬರ್ ಬಸ್ಸಿನಲ್ಲಿ ಅರ್ಧ ಗಂಟೆಗೆ ಸೇಂಟ್ ಆಂಡ್ರೂಸ್ ಮುಟ್ಟಬಹುದು, ಆ ಊರಿಗೆ ರೈಲು ನಿಲ್ದಾಣವೇ ಇಲ್ಲ.

ಪರ್ತ್‌ಗೆಂದೇ ದಿನವಿಡೀ ಎತ್ತಿಡಬೇಕಿಲ್ಲ. ಗ್ಲಾಸ್ಗೊದಿಂದ ಡಂಡೀಗೆ ಹೋಗುವ ದಾರಿಯಲ್ಲಿ ಇಳಿದು ಎರಡು ಮೂರು ಗಂಟೆ ಇದ್ದು ಮುಂದೆ ಹೋಗಿ. 2024ರ ಮಾರ್ಚಿನಲ್ಲಿ ತೆರೆದ ಪರ್ತ್ ಮ್ಯೂಸಿಯಂನಲ್ಲಿ ಸ್ಕಾಟ್ಲೆಂಡಿನ ರಾಜರ ಪಟ್ಟಾಭಿಷೇಕದ ಕಲ್ಲಿದೆ, 2023ರಲ್ಲಿ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕಕ್ಕೂ ಹೊತ್ತುಕೊಂಡು ಹೋದದ್ದು ಇದನ್ನೇ. ಪ್ರವೇಶ ಉಚಿತ, ಆದರೆ ಕಲ್ಲು ನೋಡಲು ಹೊತ್ತು ಗೊತ್ತು ಮಾಡಿದ ಚೀಟಿ ಬೇಕು. ಗುಂಪಾಗಿದ್ದರೆ ಮುಂಚೆಯೇ ತೆಗೆದುಕೊಳ್ಳಿ.

ಅಬರ್ಡೀನ್: ಒಂದು ನಿಲ್ದಾಣ ಮೊದಲೇ ಇಳಿಯಿರಿ

ಅಬರ್ಡೀನ್‌ಗೆ ಬರುವ ಹೆಚ್ಚಿನವರ ಮನಸ್ಸಿನಲ್ಲಿರುವುದು ಕಡಲಬಂಡೆಯ ಮೇಲಿನ ಡನಾಟರ್ ಕೋಟೆ. ಅದಿರುವುದು ಊರಿನಲ್ಲಲ್ಲ, ಹದಿನೈದಿಪ್ಪತ್ತು ನಿಮಿಷ ಹಿಂದಿನ ಸ್ಟೋನ್‌ಹೇವನ್ ನಿಲ್ದಾಣದ ಬಳಿ. ಶನಿವಾರ ಬೆಳಗ್ಗೆ ಹೊರಟವರು ನೇರ ಅಲ್ಲೇ ಇಳಿದು, ಕೋಟೆ ನೋಡಿ, ಮಧ್ಯಾಹ್ನದ ರೈಲಿಗೆ ಮುಂದೆ ಹೋಗುವುದು ಒಳ್ಳೆಯದು. ಮಾಮೂಲಿ ಟಿಕೆಟ್ಟಿನಲ್ಲಿ ನಡುವೆ ಇಳಿದು ಹತ್ತಬಹುದು, ಅಡ್ವಾನ್ಸ್ ಟಿಕೆಟ್ಟಿನಲ್ಲಿ ಆಗದು. ನಿಲ್ದಾಣದಿಂದ ಬಂದರಿಗೆ, ಬಂದರಿನಿಂದ ದಿಬ್ಬದ ಅಂಚಿನ ಕಾಲುದಾರಿಯಲ್ಲಿ ಕೋಟೆಗೆ, ಒಟ್ಟು ಒಂದು ಗಂಟೆ ನಡಿಗೆ. ಕೊನೆಯಲ್ಲಿ ಮೆಟ್ಟಿಲಿಳಿದು ಕಡಲಮಟ್ಟಕ್ಕೆ ಬಂದು ಮತ್ತೆ ಹತ್ತಬೇಕು. ಜೋರು ಗಾಳಿಯಿದ್ದರೆ ಕೋಟೆಯ ಬಾಗಿಲು ತೆರೆಯುವುದೇ ಇಲ್ಲ, ಹೊರಡುವ ಬೆಳಗ್ಗೆ ಅವರ ಪ್ರಕಟಣೆ ನೋಡಿ. ಮುಚ್ಚಿದ್ದರೂ ಎದುರಿನ ದಿಬ್ಬದಿಂದ ಕಾಣುವ ನೋಟಕ್ಕೆ ದುಡ್ಡಿಲ್ಲ, ನಿಜ ಹೇಳಬೇಕೆಂದರೆ ಚಂದ ಕಾಣುವುದೂ ಅಲ್ಲಿಂದಲೇ.

ಊರು ಪೂರ್ತಿ ಬೂದು ಗ್ರಾನೈಟು. ಮೋಡ ಕವಿದಾಗ ಮಂಕು, ಮಳೆ ನಿಂತು ಬಿಸಿಲು ಬಿದ್ದರೆ ಕಲ್ಲಿನಲ್ಲಿರುವ ಅಭ್ರಕ ಮಿಣಮಿಣ ಹೊಳೆಯುತ್ತದೆ. ಭಾನುವಾರಕ್ಕೆ 1495ರ ಕಿಂಗ್ಸ್ ಕಾಲೇಜಿರುವ ಹಳೆ ಅಬರ್ಡೀನ್, ಫುಟ್‌ಡೀ ಎಂಬ ಪುಟ್ಟ ಮೀನುಗಾರರ ಕೇರಿ, ಬಂದರಿನ ಬಾಯಲ್ಲಿ ಡಾಲ್ಫಿನ್ ಕಾಣುವ ಟೋರಿ ಬ್ಯಾಟರಿ ಸಾಕು.

ಇನ್ವರ್ನೆಸ್: ಶುಕ್ರವಾರವೇ ಹೊರಡಲಾಗದಿದ್ದರೆ ಬೇಡ

ಇನ್ವರ್ನೆಸ್ ಊರಿನೊಳಗೆ ನೋಡುವುದು ಅರ್ಧ ದಿನದ್ದು. ಬರುವುದು ಸುತ್ತಲಿನ ಜಾಗಗಳಿಗೆ: ಲಾಕ್ ನೆಸ್ ಸರೋವರದ ದಡದ ಅರ್ಕರ್ಟ್ ಕೋಟೆಗೆ ಬಸ್ಸಿನಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ, 1746ರ ಏಪ್ರಿಲ್ 16ರಂದು ಸ್ಟುವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೇರಿಸಲು ಹೊರಟ ಜಾಕೊಬೈಟರ ಕೊನೆಯ ಯುದ್ಧ ನಡೆದ ಕಲೋಡನ್ ಬಯಲು ಇನ್ನೊಂದು ದಿಕ್ಕಿನಲ್ಲಿ. ಎರಡಕ್ಕೂ ಒಂದೊಂದು ಅರ್ಧ ದಿನ ಬೇಕು, ಭಾನುವಾರ ಬಸ್ಸು ಕಡಿಮೆ. ಆದ್ದರಿಂದ ಶುಕ್ರವಾರ ಸಂಜೆ ಹೊರಟು, ಶನಿವಾರ ಲಾಕ್ ನೆಸ್ ಮತ್ತು ಊರು ಮುಗಿಸಿ, ಭಾನುವಾರ ಬೆಳಗ್ಗೆ ಕಲೋಡನ್ ಮುಗಿಸಿ ಮಧ್ಯಾಹ್ನದ ರೈಲು ಹಿಡಿಯಬೇಕು. ಹಳೆಯ ಚರ್ಚಿನೊಳಗಿರುವ ಲೀಕೀಸ್ ಪುಸ್ತಕದಂಗಡಿಗೆ ಶನಿವಾರವೇ ಹೋಗಿ, ಭಾನುವಾರ ರಜೆ.

ರೈಲುದಾರಿಯೇ ಇಲ್ಲಿ ಅರ್ಧ ಪ್ರವಾಸ. ಡ್ರಮೋಕ್ಟರ್ ಕಣಿವೆಯಲ್ಲಿ ಅದು 452 ಮೀಟರ್ ಏರುತ್ತದೆ, ಬ್ರಿಟನ್ನಿನ ಮುಖ್ಯ ರೈಲುಮಾರ್ಗಗಳಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ತೊಂದರೆಯೂ ಅಲ್ಲೇ. ಮಾರ್ಗದ ಬಹುಭಾಗ ಒಂಟಿ ಹಳಿ, ಎದುರಿನ ರೈಲು ತಡವಾದರೆ ದಾಟುವ ನಿಲ್ದಾಣದಲ್ಲಿ ನಿಮ್ಮದೂ ಕಾಯಬೇಕು. ಸೋಮವಾರ ಬೆಳಗ್ಗೆ ಲ್ಯಾಬ್ ಇರುವವರು ಭಾನುವಾರದ ಕೊನೆಯ ರೈಲಿಗೆ ಜೂಜಾಡಬೇಡಿ.

ಕಾರು ಬಾಡಿಗೆಗೆ ಹಿಡಿಯುವುದಿದ್ದರೆ ಈ ಊರಿನಿಂದ ಮಾತ್ರ ಅರ್ಥವಿದೆ, ಬೇರೆಡೆ ನಿಲ್ಲಿಸುವ ದುಡ್ಡೇ ರೈಲಿನ ದರ ಮೀರುತ್ತದೆ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಡೆಯುತ್ತದೆ. ಆದರೆ 25 ತುಂಬದವರಿಂದ ಬಹಳಷ್ಟು ಬಾಡಿಗೆ ಕಂಪನಿಗಳು ಹೆಚ್ಚುವರಿ ಶುಲ್ಕ ಕೇಳುತ್ತವೆ.

ಮಲಗುವುದು, ಉಣ್ಣುವುದು

ನಾಲ್ಕು ಅಥವಾ ಆರು ಜನರಿದ್ದರೆ ಹಾಸ್ಟೆಲ್‌ನಲ್ಲಿ ಹಾಸಿಗೆ ಲೆಕ್ಕದಲ್ಲಿ ಕೊಳ್ಳುವ ಬದಲು ಇಡೀ ಕೋಣೆ ಕೇಳಿ, ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಐದು ಜನರೆಂದರೆ ಸಂಕಟ: ನಾಲ್ಕರ ಕೋಣೆಗೆ ಒಬ್ಬರು ಹೆಚ್ಚು, ಆರರ ಕೋಣೆಗೆ ಖಾಲಿ ಹಾಸಿಗೆಯ ದುಡ್ಡು. ಡಾರ್ಮಿಟರಿಯ ಲಾಕರ್‌ಗೆ ಬೀಗ ನೀವೇ ತರಬೇಕಾಗಬಹುದು, ಟವಲ್ಲಿಗೆ ಬೇರೆ ದುಡ್ಡು ಕೇಳಬಹುದು. ಚಕ್ರದ ಸೂಟ್‌ಕೇಸ್ ಎಡಿನ್‌ಬರೋದ ಕಲ್ಲುಹಾಸಿನ ಮೇಲೆ ಉರುಳುವುದಿಲ್ಲ, ಬೆನ್ನುಚೀಲವೇ ಇರಲಿ.

ಹಾಸ್ಟೆಲ್ ಅಡುಗೆಮನೆ ಇದ್ದರೆ ಊಟದ ಖರ್ಚು ಅರ್ಧವಾಗುತ್ತದೆ. ಅಕ್ಕಿ, ಪುಳಿಯೋಗರೆ ಗೊಜ್ಜು ಒಯ್ದರೆ ಐದು ಜನಕ್ಕೆ ಮುಕ್ಕಾಲು ಕಿಲೊ ಅಕ್ಕಿ ಬೇಕು. ಕುಕ್ಕರ್ ಇರುವುದಿಲ್ಲ, ಮುಚ್ಚಳವಿರುವ ದೊಡ್ಡ ಪಾತ್ರೆಯಲ್ಲಿ ಮಾಡಿ. ಒಲೆ ಇಂಡಕ್ಷನ್ ಆಗಿದ್ದರೆ ಮನೆಯಿಂದ ತಂದ ಹಿಂಡಾಲಿಯಂ ಪಾತ್ರೆ ಕಾಯುವುದೇ ಇಲ್ಲ. ಒಗ್ಗರಣೆ ಮಾತ್ರ ಅಲ್ಲಿ ಹಾಕಲೇಬೇಡಿ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಘಾಟೆದ್ದರೆ ಹೊಗೆ ಅಲಾರಂ ಕೂಗಿ ರಾತ್ರಿ ಹನ್ನೊಂದಕ್ಕೆ ಇಡೀ ಕಟ್ಟಡ ಬೀದಿಗೆ ಬರುತ್ತದೆ. ಗೊಜ್ಜಿನಲ್ಲೇ ಒಗ್ಗರಣೆ ಇರುವಂತೆ ಮನೆಯಲ್ಲೇ ಮಾಡಿ ಡಬ್ಬಿಗೆ ತುಂಬಿ. ಮೊಸರನ್ನಕ್ಕೂ ಅಷ್ಟೇ, ಒಗ್ಗರಣೆ ಪುಟ್ಟ ಡಬ್ಬಿಯಲ್ಲಿ ಬೇರೆ. ಹೊರಗೆ ತಿನ್ನುವ ಸಸ್ಯಾಹಾರಿಗಳಿಗೆ ಸಸ್ಯಾಹಾರಿ ಹ್ಯಾಗಿಸ್ ಬಹಳ ಕಡೆ ಸಿಗುತ್ತದೆ, ಓಟ್ಸ್, ಬೇಳೆ, ಮೆಣಸಿನ ರುಚಿ, ನಮ್ಮ ನಾಲಿಗೆಗೆ ಒಗ್ಗುತ್ತದೆ. ಕೊಳ್ಳುವ ಮುಂಚೆ "ವೆಜಿಟೇರಿಯನ್" ಎಂದು ಬಿಡಿಸಿ ಹೇಳಿ, ಮಾಮೂಲಿಯದು ಕುರಿಯ ಒಳಾಂಗಗಳದ್ದು. ಗ್ಲಾಸ್ಗೊದ ಆಲ್ಬರ್ಟ್ ಡ್ರೈವ್‌ನ ಅಂಗಡಿಗಳಲ್ಲಿ ನಮ್ಮ ಕಡೆಯ ಅಡುಗೆ ಸಾಮಾನು ಸಿಗುತ್ತದೆ, ಉತ್ತರಕ್ಕೆ ಹೊರಡುವ ಮುನ್ನವೇ ಕೊಂಡಿಟ್ಟುಕೊಳ್ಳಿ.

ಪಾರ್ಟ್‌ಟೈಮ್ ಕೆಲಸ ಇರುವವರಿಗೆ

ಪದವಿ, ಸ್ನಾತಕೋತ್ತರದ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ಮಿತಿ, ಆ ವಾರ ಸೋಮವಾರದಿಂದ ಭಾನುವಾರದವರೆಗೆ. ಈ ಶನಿವಾರ–ಭಾನುವಾರದ ಪಾಳಿಯನ್ನು ಬಿಟ್ಟು ಹೋಗಿ, ಆ ಗಂಟೆಗಳನ್ನು ಮುಂದಿನ ವಾರಕ್ಕೆ ಸೇರಿಸಿಕೊಂಡರೆ ಮಿತಿ ಮೀರಬಹುದು. ಎರಡು ವಾರದ ಸರಾಸರಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದೇ ವಾರದ ಬುಧ, ಗುರುವಾರಕ್ಕೆ ಪಾಳಿ ಬದಲಿಸಿಕೊಳ್ಳಿ, ಬದಲಾಯಿಸಿದ್ದನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಚಿಕ್ಕ ವಿಷಯ. ಮಾರ್ಚಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ಅಕ್ಟೋಬರಿನ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ. ಎರಡೂ ನಡೆಯುವುದು ವೀಕೆಂಡಿನ ನಡುರಾತ್ರಿಯಲ್ಲೇ. ಫೋನು ತಾನೇ ಬದಲಿಸಿಕೊಳ್ಳುತ್ತದೆ, ಕೈಗಡಿಯಾರವೂ ಹಾಸ್ಟೆಲ್ ಗೋಡೆಯ ಗಡಿಯಾರವೂ ಬದಲಿಸಿಕೊಳ್ಳುವುದಿಲ್ಲ. ಮಾರ್ಚಿನ ಆ ಭಾನುವಾರ ಬೆಳಗ್ಗೆ ಅಡ್ವಾನ್ಸ್ ಟಿಕೆಟ್ ಇದ್ದವರು ಹಿಂದಿನ ರಾತ್ರಿಯೇ ಅಲಾರಂ ನೋಡಿಕೊಂಡು ಮಲಗಿ.